ರೇಂಜ್ ಗುಡ್ಡೆಯಲ್ಲಿ ನಟಿಯ ಕಥೆ

ಶಾಲೆಗಳೆಲ್ಲ ಮುಚ್ಚಿ ಪಾಠಗಳು ಮೊಬೈಲಿಗೆ ಬಂದ ಆ ಮಳೆಗಾಲದಲ್ಲಿ, ಕಡಬದಾಚೆಯ ನಮ್ಮೂರಿನ ಮಕ್ಕಳಿಗೆ ತರಗತಿಯೆಂದರೆ ಗುಡ್ಡೆ. ರೇಂಜ್ ಸಿಗುತ್ತಿದ್ದುದು ರಬ್ಬರ್ ತೋಟದ ಮೇಲಿನ ಬಂಡೆಯ ಬಳಿ ಮಾತ್ರ. ದೊಡ್ಡವರು ಅಲ್ಲಿ ಕಂಬ ಊರಿ ನೀಲಿ ಟಾರ್ಪಾಲು ಕಟ್ಟಿಕೊಟ್ಟಿದ್ದರು. ಅದರಡಿ ನಾನೂ ನೆರೆಮನೆಯ ಜಿನ್ಸಿಯೂ ಒಂದೇ ಫೋನಿಗೆ ತಲೆ ತಾಗಿಸಿ ಕೂರುತ್ತಿದ್ದೆವು. ಫೋನು ನನ್ನದು; ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ ಅವಳದು. ಆ ಖಾರದ ಪರಿಮಳಕ್ಕೆ ಕೆಳಗಿನ ಹೊಗೆಗೂಡಿನಲ್ಲಿ ಒಣಗುವ ರಬ್ಬರ್ ಶೀಟಿನ ವಾಸನೆ ಬೆರೆಯುತ್ತಿತ್ತು.

ವಿಜ್ಞಾನ ಕಲಿಸುತ್ತಿದ್ದವರು ನನ್ನ ಅಪ್ಪ. ಅವರು ಪೇಟೆಯ ಶಾಲೆಯಲ್ಲಿ ಕುಳಿತು ಪಾಠ ಮಾಡುತ್ತಿದ್ದರು. ನಿಸ್ತಂತು ಸಂಪರ್ಕಕ್ಕೆ ದುಡಿದ ಒಬ್ಬರ ಬಗ್ಗೆ ಪ್ರತಿಯೊಬ್ಬರೂ ಮಾತನಾಡಬೇಕೆಂದು ಅವರು ಹೇಳಿದಾಗ, ಜಿನ್ಸಿ ಆರಿಸಿಕೊಂಡದ್ದು ಹಾಲಿವುಡ್ಡಿನ ಒಬ್ಬ ಹಳೆಯ ನಟಿಯನ್ನು. ಹಿಂದಿನ ದಿನವೇ ಬಂಡೆಯ ಮೇಲೆ ಇದ್ದಿಲಿನಿಂದ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿ ನನಗೆ ವಿವರಿಸಿದ್ದಳು.

"ನೋಡು, ಯಾವ ಮನೆಯಿಂದ ಯಾವುದಕ್ಕೆ ಹಾರುದು ಅಂತ ನಮಗಿಬ್ಬರಿಗೇ ಗೊತ್ತುಂಟು. ಮೂರನೆಯವ ಅಡ್ಡ ಬಂದರೆ ನಾವು ಆಗಲೇ ಬೇರೆ ಮನೆಯಲ್ಲಿ! ಯುದ್ಧದ ಟೈಮಲ್ಲಿ ಶತ್ರುವಿಗೆ ಸಿಗದ ಹಾಗೆ ಸಿಗ್ನಲ್ ಸಹ ಹೀಗೇ ಹಾರ್ಲಿ ಅಂತ ಅವಳು ಯೋಚಿಸಿದ್ದು."

"ಸಿನೆಮಾದವಳಾ?"

"ಸಿನೆಮಾದವಳಿಗೆ ತಲೆ ಇರ್ಲಿಕ್ಕಿಲ್ವ ಮಾರಾಯ್ತಿ?"

ಅವಳ ಸರದಿ ಬಂದಾಗ ಟಾರ್ಪಾಲಿನ ಮೇಲೆ ಮಳೆ ಬಡಿಯುತ್ತಿತ್ತು. ಇಯರ್‌ಫೋನ್ ನನ್ನ ಕಿವಿಯಲ್ಲಿತ್ತು. ಅದರ ವಯರಿನ ಮೈಕನ್ನು ಜಿನ್ಸಿ ಬಾಯಿಯ ಬಳಿ ಹಿಡಿದಿದ್ದಳು. "ಒಬ್ಬಳು ಫಿಲ್ಮ್ ಸ್ಟಾರ್" ಎಂದು ಅವಳು ಆರಂಭಿಸಿದ್ದೇ ತಡ, ಅಪ್ಪನ ನಗು ನನ್ನ ಕಿವಿಯೊಳಗೆ ಕೇಳಿಸಿತು. "ಸಿನೆಮಾ ಕಥೆ ಎಲ್ಲ ಮನೆಯಲ್ಲಿ ಹೇಳಿಕೊಳ್ಳಿ. ನೆಕ್ಸ್ಟ್ ಯಾರು?" ಪರದೆಯಲ್ಲಿ ನಮ್ಮ ಮೈಕಿನ ಮೇಲೆ ಕೆಂಪು ಗೆರೆ ಬಿತ್ತು; ಅಪ್ಪ ನಮ್ಮನ್ನು ಮ್ಯೂಟ್ ಮಾಡಿದ್ದರು.

ಬರೆದು ತಂದ ಹಾಳೆಯ ಮೇಲೆ ಕಣ್ಣಿಟ್ಟಿದ್ದ ಜಿನ್ಸಿಗೆ ಅದೊಂದೂ ತಿಳಿಯಲಿಲ್ಲ. ಅವಳು ಹೇಳುತ್ತಲೇ ಹೋದಳು: ಆ ನಟಿ ಸಂಗೀತಗಾರ ಗೆಳೆಯನೊಂದಿಗೆ ಪೇಟೆಂಟ್ ಪಡೆದದ್ದು, ನೌಕಾಪಡೆ ಅದನ್ನು ಬದಿಗೆ ಸರಿಸಿದ್ದು, ಅದೇ ಜಿಗಿತದ ತತ್ವ ಇಂದು ಬ್ಲೂಟೂತಿನಲ್ಲಿ ಇರುವುದು. ಮುಗಿಸುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

"ಸರ್ ಎಂತ ಹೇಳಿದ್ರು?"

"ರೇಂಜ್ ಹೋಯ್ತು" ಎಂದೆ.

"ಛೆ! ಪರವಾಗಿಲ್ಲ. ರೇಂಜ್ ಇರುವಾಗ ಇನ್ನೊಮ್ಮೆ ಹೇಳುದು." ಮರಗೆಣಸಿನ ದೊಡ್ಡ ತುಂಡನ್ನು ನನ್ನ ಕೈಗಿಟ್ಟಳು.

ಮನೆಯಲ್ಲಿ ಜಿನ್ಸಿಯ ಮಾತನ್ನೆಲ್ಲ ಅಪ್ಪನಿಗೆ ಒಪ್ಪಿಸಿ ಕೇಳಿದೆ: "ಅವಳು ಹೇಳಿದ್ದು ಸುಳ್ಳಾ?" ಅಪ್ಪ ಮರುದಿನ ಶಾಲೆಯಲ್ಲಿ ಹುಡುಕಿ ನೋಡಿದರು. ಸಂಜೆ ಬಂದು ಕೊಡೆ ಮಡಚುತ್ತ, "ಸರಿಯೇ ಉಂಟು ಮಗಾ" ಎಂದರು.

"ಹಾಗಾದ್ರೆ ಕ್ಲಾಸಲ್ಲಿ ಹೇಳಿ."

"ಪೋರ್ಷನ್ ಬಾಕಿ ಉಂಟಲ್ವ. ನೋಡುವ."

ಆ 'ನೋಡುವ' ಇಂದಿಗೂ ಮುಗಿದಿಲ್ಲ. ಮಳೆ ನಿಲ್ಲುವವರೆಗೂ ಜಿನ್ಸಿ ಗುಡ್ಡೆ ಹತ್ತಿದೊಡನೆ ಕೇಳುತ್ತಿದ್ದುದು ಒಂದೇ: "ಇವತ್ತು ರೇಂಜ್ ಉಂಟಾ?" ನಾನು ಪ್ರತಿ ಸಲವೂ ಅಪ್ಪನ ಮಾನ ಕಾಯುವ ಮಗಳಾಗಿ 'ಸಾಲದು' ಎಂದೆ. ಶಾಲೆ ತೆರೆದ ಮೇಲೆ, ಅಪ್ಪ ನಕ್ಕು ಮೈಕ್ ಮುಚ್ಚಿದ್ದು ಯಾರಿಂದ ತಿಳಿಯಿತೋ, ವಿಜ್ಞಾನದ ಪಿರಿಯಡ್ಡಿನಲ್ಲಿ ಅವಳು ಕೈ ಎತ್ತುವುದನ್ನೇ ಬಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಒಬ್ಬ ನಟಿಯ ಬುದ್ಧಿಯನ್ನು ಬದಿಗೆ ಸರಿಸಿದ ನೌಕಾಪಡೆಯನ್ನು, ಈಗ ಓದುತ್ತಿರುವ ವಿಶ್ವವಿದ್ಯಾಲಯದ ಚರ್ಚೆಗಳಲ್ಲಿ ನಾನು ಕಟುವಾಗಿ ಟೀಕಿಸಿದ್ದೇನೆ. ಅದು ಸುಲಭ, ಆ ನೌಕಾಪಡೆ ಅಪ್ಪನಂತೆ ನನಗೆ ಬಡಿಸಿ, ಜೊತೆಗೆ ಕೂತು ಉಣ್ಣುವುದಿಲ್ಲ. ಅಪ್ಪ ಈಗಲೂ ಅದೇ ಪಾಠ ಮಾಡುತ್ತಾರೆ, ಅದೇ ಗಂಡಸರ ಹೆಸರುಗಳನ್ನೇ ಬರೆಸುತ್ತಾರೆ. ಅಪ್ಪಾ, ನಿಮಗೆ ತಿಳಿದಿತ್ತು. ತಿಳಿದ ಮೇಲಿನ ಮೌನಕ್ಕೆ ಪೋರ್ಷನ್ ಉತ್ತರವಲ್ಲ. ಜಿನ್ಸಿಯ ಮನೆ ಅಲ್ಲೇ ಇದೆ, ತೋಟ ದಾಟಿ ಹೋಗಿ ಅವಳಿಗೆ ಹೇಳಿದರೆ ಆಯಿತು.

ಟಾರ್ಪಾಲು ಹರಿದುಹೋಯಿತು, ಬಂಡೆಯ ಮೇಲಿನ ಇದ್ದಿಲ ಗೆರೆಗಳು ತೊಳೆದುಹೋದವು. ಒಂದೇ ಫೋನಿಗೆ ತಲೆ ತಾಗಿಸುವವರು ಯಾರೂ ಇಲ್ಲ. ಆ ಗುಡ್ಡೆಯಲ್ಲೀಗ ಟವರ್ ನಿಂತಿದೆ. 'ರೇಂಜ್ ಹೋಯ್ತು' ಎಂದು ಜಾರಿಕೊಳ್ಳುವ ಅನುಕೂಲವೂ ನಮ್ಮ ಮನೆಯಲ್ಲಿ ಇನ್ನು ಯಾರಿಗೂ ಇಲ್ಲ.