ಆಡಬಿಡ್ಡ ಬಂದ ಸುದ್ದಿ

ನನ್ನ ತಮ್ಮನ ಚೊಚ್ಚಲ ಮಗಳಿಗೆ ಹೆಸರಿಡಬೇಕಾದವಳು ನಾನು. ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಹೋಗದೆ ಇದ್ದದ್ದಕ್ಕೆ ಒಂದು ಕಾರಣವಿತ್ತು. ಆ ಕಾರಣ ಸುಳ್ಳೆಂದು ತಿಳಿದ ಮೇಲೂ ಹೋಗಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ನಕ್ಕರೆ ನಿಮ್ಮ ಜೊತೆ ನಗಲು ನನಗೂ ಧೈರ್ಯ ಬರುತ್ತದೆ.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ, ರೊಟ್ಟಿ ತಟ್ಟುವಾಗ, ಬೆರಳಿನಿಂದ ಬಂದ ಬಜೆಯ ವಾಸನೆಯಿಂದ. ನಿನ್ನೆಯಷ್ಟೇ ತವರಿಂದ ಬಂದಿದ್ದೇನೆ. ಅಲ್ಲಿ ಎಳೆಗೂಸಿನ ಹೊಟ್ಟೆನೋವಿಗೆ ಬಜೆಬೇರು ತೇಯ್ದು ನೆಕ್ಕಿಸುವ ಕೆಲಸ ನನ್ನದೇ ಆಗಿತ್ತು. ಅದರ ಘಾಟು ಬೂದಿ ಹಾಕಿ ತಿಕ್ಕಿದರೂ ಹೋಗದು. ನಮ್ಮ ಕಡೆಯ ತಮಿಳರು ಬಜೆಗೆ ‘ಹೆಸರು ಹೇಳದ ಮದ್ದು’ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಹೆಸರು ಹೇಳದೆ ಉಳಿದ ನನಗಂತೂ ಆ ಮಾತು ಕೇಳಿದಾಗಲೆಲ್ಲ ಯಾರೋ ಹಿಂದಿನಿಂದ ಚುಚ್ಚಿದ ಹಾಗಾಗುತ್ತಿತ್ತು.

ನಮ್ಮ ತವರು ನಾಟ್ರಾಂಪಾಳ್ಯ. ಅಂಚೆಟ್ಟಿಯಿಂದಲೂ ಆಚೆ, ಕಾಡಿನ ಮಗ್ಗುಲಲ್ಲಿದೆ. ನನ್ನನ್ನು ಕೊಟ್ಟದ್ದು ಹೊಸೂರಿನ ಹತ್ತಿರದ ಬಯಲು ಊರಿಗೆ. ತಮ್ಮ ಮಾದೇಶ ಅಂಬೆಗಾಲಿಡುವಾಗಲೇ ಅವ್ವ ತೀರಿಕೊಂಡಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ನಡಿಗೆ ಇವತ್ತಿಗೂ ಎಡಕ್ಕೆ ಸ್ವಲ್ಪ ವಾಲುವುದು ಅವನ ದೆಸೆಯಿಂದ ಎಂದು ಎಲ್ಲರಿಗೂ ಹೇಳುತ್ತೇನೆ. ನೀರಿನ ಕೊಡದ ದೆಸೆಯಿಂದ ಎಂದು ನಮ್ಮನೆಯವರು ಹೇಳುತ್ತಾರೆ. ನನ್ನ ಓದು ಎರಡನೇ ಕ್ಲಾಸಿಗೆ ನಿಂತದ್ದೂ ಅವನನ್ನು ಎತ್ತಿಕೊಳ್ಳಲಿಕ್ಕೆ ಎಂದು ಹೇಳುವುದುಂಟು. ನಿಜ ಹೇಳಬೇಕೆಂದರೆ ನನಗೆ ಮಗ್ಗಿ ಹತ್ತಲಿಲ್ಲ.

ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರನ್ನು ಉಸುರಬೇಕು. ಅವಳು ಬಗ್ಗಿದಾಗ ಹಿಂದೆ ನಿಂತ ಹೆಂಗಸರು ತಮಾಷೆಗೆ ಬೆನ್ನಿಗೆ ಒಂದೊಂದು ಗುದ್ದು ಹಾಕುತ್ತಾರೆ. ಮಾದೇಶನ ಹೆಂಡತಿ ಸಿದ್ದಮ್ಮ ಬಸುರಿ ಎಂದು ತಿಳಿದಾಗ ನಾನು ಹೋಗಿ, ಬೆರಳು ಆಡಿಸಿ ಹೇಳಿ ಬಂದಿದ್ದೆ: “ನೋಡ್ಲಾ ಮಾದ, ಹೆಸ್ರು ನಾನೇ ಕೂಗ್ಬೇಕು. ಬೇರೆ ಯಾರಾನಾ ಬಾಯಾಕಿದ್ರೆ ನಿನ್ ಮನೆ ಹೊಸಿಲು ತುಳಿಯಕಿಲ್ಲ.”

ಬೇರೆ ಯಾರಾದರೂ ಎಂದರೆ ಯಾರು? ನಮ್ಮ ತಂಗಿ ಚಿಕ್ಕತಾಯಿ. ಅವಳನ್ನು ಕೊಟ್ಟದ್ದು ಅಂಚೆಟ್ಟಿಗೆ, ತವರಿಗೆ ಕೂಗಳತೆ. ಹಬ್ಬಕ್ಕೆ, ಹುಣ್ಣಿಮೆಗೆ, ಏನೂ ಇಲ್ಲದಿದ್ದರೆ ಹಲಸಿನಹಣ್ಣು ಕೊಯ್ದರು ಎಂಬ ನೆವಕ್ಕೆ ಅವಳು ಅಲ್ಲಿರುತ್ತಿದ್ದಳು. ನನಗೆ ಅದೊಂದು ಉರಿ. ಒಳ್ಳೆಯವಳೇ, ಆದರೆ ಹತ್ತಿರ ಇದ್ದಳು.

ಇಷ್ಟು ಹೇಳಿ ನಾರಪ್ಪನ ವಿಷಯಕ್ಕೆ ಬರಬೇಕು. ನಾರಪ್ಪ ಹುಣಸೆಹಣ್ಣಿನ ಗಾಡಿಯವನು. ಹಣ್ಣಿನ ಕಾಲ ಬಂದರೆ ಕಾಡಂಚಿನ ಊರುಗಳಿಂದ ಮೂಟೆ ಹೇರಿಕೊಂಡು ಹೊಸೂರಿನ ಸಂತೆಗೆ ಬರುತ್ತಿದ್ದ. ದಾರಿಯಲ್ಲಿ ನಮ್ಮ ಮನೆಯ ಮುಂದೆ ಎತ್ತಿಗೆ ನೀರು ಕುಡಿಸಿ, ತಾನು ಮಜ್ಜಿಗೆ ಕುಡಿದು, ತವರಿನ ಸುದ್ದಿ ಇಳಿಸಿ ಹೋಗುತ್ತಿದ್ದ. ಅವನ ಮಾತು ತೆಲುಗು. ನಮಗೇನೂ ತೊಂದರೆಯಿರಲಿಲ್ಲ. ನಮ್ಮ ಕಡೆ ಅವರು ತೆಲುಗಿನಲ್ಲಿ ಕೇಳಿದರೆ ನಾವು ಕನ್ನಡದಲ್ಲಿ ಹೇಳುತ್ತೇವೆ, ನಡುವೆ ತಮಿಳಿನವನೊಬ್ಬ ಬಂದು ನಗುತ್ತಾನೆ.

ಆ ವರ್ಷ ಶಿವರಾತ್ರಿ ಕಳೆದಿತ್ತು. ನಾರಪ್ಪ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ಕೂಗಿದ: “ಮೀ ತಮ್ಮುನಿಂಟಿಕಿ ಆಡಬಿಡ್ಡ ವಚ್ಚಿಂದಮ್ಮಾ! ಪೇರು ಪೆಟ್ಟಾಲಂಟ!”

ನಿಮ್ಮ ತಮ್ಮನ ಮನೆಗೆ ಆಡಬಿಡ್ಡ ಬಂದಿದ್ದಾಳೆ, ಹೆಸರಿಡಬೇಕಂತೆ. ಇಷ್ಟೇ ಮಾತು. ತೆಲುಗಿನಲ್ಲಿ ಆಡಬಿಡ್ಡ ಎಂದರೆ ಹೆಣ್ಣುಕೂಸು. ಅದು ನನಗೆ ಗೊತ್ತಿರಲಿಲ್ಲ. ನಮ್ಮ ಪಕ್ಕದ ಮನೆಯ ನಾಗಮ್ಮ ತೆಲುಗಿನವಳು. ಅವಳ ಗಂಡನ ಅಕ್ಕ ಒಬ್ಬಳಿದ್ದಳು. ಬಂದರೆ ಹೋಗುತ್ತಿರಲಿಲ್ಲ, ಹೋದರೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. “ಮಾ ಆಡಬಿಡ್ಡ ವಚ್ಚಿಂದಿ” ಎಂದು ನಾಗಮ್ಮ ಗೋಡೆಯಾಚೆಯಿಂದ ಹಣೆ ಬಡಿದುಕೊಳ್ಳುವುದನ್ನು ಮದುವೆಯಾದಾಗಿನಿಂದ ಕೇಳಿದ್ದೆ. ಗಂಡನ ಅಕ್ಕತಂಗಿಯರಿಗೂ ಅವರು ಅದೇ ಮಾತನ್ನೇ ಹೇಳುತ್ತಾರೆ. ನನಗೆ ಗೊತ್ತಿದ್ದ ಆಡಬಿಡ್ಡ ಅದೊಂದೇ.

ನನ್ನ ಕಿವಿಗೆ ಬಿದ್ದದ್ದು ಹೀಗೆ: ಸಿದ್ದಮ್ಮನ ನಾದಿನಿ ಬಂದು ಕೂತಿದ್ದಾಳೆ, ಹೆಸರಿಡುತ್ತಾಳಂತೆ. ಇನ್ಯಾವ ನಾದಿನಿ, ಚಿಕ್ಕತಾಯಿಯೇ! ಹೆಣ್ಣೋ ಗಂಡೋ ಎಂದು ಕೂಡ ಹೇಳಿ ಕಳಿಸಲಿಲ್ಲವಲ್ಲ ಎಂದು ನನಗೆ ಬೇರೆ ಸಿಟ್ಟು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಮಜ್ಜಿಗೆಯ ಲೋಟ ಕುಕ್ಕಿ, “ಸಂತೋಷ ಅಂತ ಹೇಳಪ್ಪ” ಎಂದೆ. ಕೂಸಿಗೆಂದು ಬಜೆಯ ತುಂಡುಗಳನ್ನು ಕರಿದಾರಕ್ಕೆ ಪೋಣಿಸಿ, ನಡುನಡುವೆ ಕರಿಮಣಿ ಇಟ್ಟು ಒಂದು ಕೈಬಳೆ ಮಾಡಿದ್ದೆ. ಅದನ್ನು ಗೋಡೆಯ ಗೂಟಕ್ಕೆ ನೇತುಹಾಕಿದೆ.

ಹುಣಸೆಹಣ್ಣಿನ ಕಾಲ ಮುಗಿಯುವ ಹೊತ್ತಿಗೆ, ಸಂತೆ ಮುಗಿಸಿ ಊರಿಗೆ ಮರಳುತ್ತ ನಾರಪ್ಪ ಇನ್ನೊಮ್ಮೆ ಬಂದ. ನಾನು ಸುದ್ದಿ ಕೇಳಲಿಲ್ಲ. ಅವನೇ ಹೇಳಿದ: “ಆಡಬಿಡ್ಡ ಪಾಲು ಬಾಗಾ ತಾಗ್ತಾ ಉಂದಮ್ಮಾ.”

ಹಾಲು ಚೆನ್ನಾಗಿ ಕುಡಿಯುತ್ತಿದ್ದಾಳೆ! ಚಿಕ್ಕತಾಯಿಗೆ ಹುಟ್ಟಿದಾಗಿನಿಂದ ಹಾಲು ಕಂಡರಾಗದು. “ಇಷ್ಟು ದಿನ ಅಲ್ಲೇ ಕೂತವ್ಳಾ? ಹಾಲು ಬೇರೆ ಕುಡೀತಾಳಾ?” ಎಂದೆ. ನಾರಪ್ಪ ಕಣ್ಣು ಪಿಳಿಪಿಳಿ ಬಿಟ್ಟು, ತನಗೆ ಬರುವಷ್ಟು ಕನ್ನಡ ಕೂಡಿಸಿಕೊಂಡು ಹೇಳಿದ: “ಕುಡೀದೆ ಏನ್ಮಾಡ್ತದಮ್ಮಾ? ಅದ್ಕೆ ಹಲ್ಲಿಲ್ಲ ಕದಾ!”

ಆಗ ತಿಳಿಯಿತು. ಜಗಲಿಯ ಮೇಲೆ ಕೂತುಬಿಟ್ಟೆ. ನಾರಪ್ಪ ಪೂರ್ತಿ ಹೇಳಿದ. ಹೆಣ್ಣುಕೂಸು, ನನ್ನ ಹಾಗೇ ಗುಂಡುಮುಖ, ಅಕ್ಕ ಬರಲಿ ಎಂದು ಮಾದೇಶ ಹೆಸರಿಡದೆ ಕಾದಿದ್ದಾನೆ. ಎದ್ದು ಆ ಗಾಡಿಯನ್ನೇ ಹತ್ತಬೇಕಿತ್ತು. ನಾನು ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಅವನ ಕೈಗಿಟ್ಟೆ. “ನಾರಪ್ಪಣ್ಣ, ನಾನು ಮನೇಲಿರ್ಲಿಲ್ಲ ಅಂತ ಹೇಳ್ಬುಡು” ಎಂದೆ. ಅವನು ಬೆಲ್ಲವನ್ನೂ ನೋಡಿದ, ನನ್ನನ್ನೂ ನೋಡಿದ. ಬೆಲ್ಲವನ್ನು ಜಗಲಿಯ ಮೇಲಿಟ್ಟು, ಆಗಲಿ ಎಂದು ತಲೆಯಾಡಿಸಿ ಎತ್ತು ಕಟ್ಟಿದ.

ಯಾಕೆ ಹೀಗೆ ಮಾಡಿದೆ? ಹೋದರೆ ‘ಯಾಕೆ ತಡ’ ಎಂದು ಕೇಳುತ್ತಾರೆ. ತಮ್ಮ ನನ್ನನ್ನು ಮರೆತ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಅದಕ್ಕಿಂತ ಒಳಗೆ ಇನ್ನೊಂದಿತ್ತು: ಅವನೇ ಬಂದು ಕರೆಯಲಿ, ‘ಬಾರಕ್ಕ’ ಎಂದು ಕೈ ಹಿಡಿಯಲಿ ಎಂಬ ಬಿಂಕ. ನಮ್ಮನೆಯವರು ಒಂದು ದಿನ ಅಂದರು, “ನಿಂಗೆ ತೆಲುಗು ಬರಕಿಲ್ಲ ಅಂದ್ಕಂಡಿದ್ದೆ. ಕನ್ನಡಾನೂ ಬರಕಿಲ್ಲ. ಬಾ ಅಂದ್ರೆ ಬಾ ಅಂತ್ಲೇ ಕಣಮ್ಮಿ.” ನಾನು ಕೇಳಿಸದವಳ ಹಾಗೆ ಬೀಸುಕಲ್ಲು ತಿರುಗಿಸಿದೆ. ಕಳೆ ಕೀಳಬೇಕು, ಹಸು ಈಯಬೇಕು, ಅವರಿಗೆ ಕೆಮ್ಮು. ದಿನಕ್ಕೊಂದು ನೆವ ಸಿಕ್ಕೇ ಸಿಗುತ್ತಿತ್ತು.

ಅತ್ತ ನಾಟ್ರಾಂಪಾಳ್ಯದಲ್ಲಿ ಕೂಸು ಮಗುಚಿತು, ಕೂತಿತು, ಹಲ್ಲು ಬಂತು. ಹೆಸರು ಮಾತ್ರ ಬರಲಿಲ್ಲ. ಎಲ್ಲರೂ ‘ಪಾಪ’ ಎನ್ನುತ್ತಿದ್ದರು. ಯುದ್ಧದ ಕಾಲ, ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ರೇಷನ್ನು. “ಏನ್ಲಾ ಮಾದ, ಹೆಸ್ರಿಗೂ ರೇಷನ್ ಕಾರ್ಡು ಬೇಕಾ?” ಎಂದು ಊರ ಹೆಂಗಸರು ರೇಗಿಸಿದರಂತೆ. ಚಿಕ್ಕತಾಯಿ ಮನೆಯಲ್ಲೇ ಇದ್ದಳು, ಕೇಳಿದ್ದರೆ ಇಟ್ಟುಬಿಡುತ್ತಿದ್ದಳು. “ಅಕ್ಕ ಕೂಗ್ಬೇಕು” ಎಂದು ಅವಳೇ ಹಟ ಹಿಡಿದಳಂತೆ. ಈ ಮಾತು ನನಗೆ ತಿಳಿದದ್ದು ಬಹಳ ತಡವಾಗಿ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ನಾಗಮ್ಮ. ಅವಳ ಮಗಳಿಗೆ ಹೆರಿಗೆಯಾಗಿತ್ತು. ಗೂಟದ ಮೇಲಿದ್ದ ಬಜೆಬಳೆ ನೋಡಿ ಕೇಳಿದಳು: “ನನ್ ಮೊಮ್ಮಗೂಗೆ ಕೊಡಕ್ಕಾ. ನಿಮ್ ಪಾಪನ ಕೈ ಇಷ್ಟೊತ್ತಿಗೆ ದಪ್ಪ ಆಗಿರ್ತದೆ, ಹಿಡಿಸಾಕಿಲ್ಲ.” ಬಳೆಯನ್ನು ಸೆರಗಿಗೆ ಕಟ್ಟಿಕೊಂಡೆ. ಮಾರನೆಯ ಬೆಳಿಗ್ಗೆ ಹೊಸೂರಿನಲ್ಲಿ ಬಸ್ಸು ಹತ್ತಿದೆ.

ಆಗಿನ ಬಸ್ಸು ಎಂದರೆ ಇದ್ದಲ ಬಸ್ಸು. ಪೆಟ್ರೋಲು ಸಿಗದೆ, ಹಿಂದುಗಡೆ ಒಂದು ದೊಡ್ಡ ಡಬ್ಬಿಯಲ್ಲಿ ಇದ್ದಲು ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಡೆಂಕಣಿಕೋಟೆ ತಲುಪುವ ಹೊತ್ತಿಗೆ ನನ್ನ ಮುಖ ಒಲೆಯ ಮೇಲಿಟ್ಟ ಮಡಕೆ. ಅಲ್ಲಿಂದ ಗಾಡಿ, ಕಾಡುದಾರಿ, ಎರಡೂ ಕಡೆ ಕೊಯ್ಲಿಗೆ ಬಂದ ರಾಗಿ. ಮನೆ ಮುಟ್ಟಿದಾಗ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಒಂದು ಗುಂಡುಮುಖ ತಲೆಯೆತ್ತಿ ನನ್ನ ಮಸಿ ನೋಡಿ ಕಿಟ್ಟನೆ ಕಿರುಚಿತು.

“ಅಕ್ಕಾ!” ಮಾದೇಶ ಓಡಿ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ನಾರಪ್ಪ, ಆಡಬಿಡ್ಡ, ನಾಗಮ್ಮನ ನಾದಿನಿ, ಚಿಕ್ಕತಾಯಿಯೇ ಹೆಸರಿಡುತ್ತಾಳೆ ಅಂದುಕೊಂಡದ್ದು. ನಿಲ್ಲಿಸದೆ ಹೇಳಿದೆ, ನಿಲ್ಲಿಸಿದರೆ ಯಾವಾಗ ತಿಳಿಯಿತು ಎಂದು ಕೇಳಿಯಾರು ಎಂಬ ಹೆದರಿಕೆ. ಮಾದೇಶ ನೆಲಕ್ಕೆ ಕೂತು ನಕ್ಕ. ಚಿಕ್ಕತಾಯಿ ನಕ್ಕು ನಕ್ಕು ಬಿಕ್ಕಳಿಸಿದಳು. ನಗುವಿನಲ್ಲಿ ನಾನು ಪಾರಾದೆ.

ಅವತ್ತೇ ಸೀರೆಯ ತೊಟ್ಟಿಲು ಕಟ್ಟಿದರು. ತಂಬಿಟ್ಟು ಮಾಡಿದರು. ಮಲಗಿಸಿದರೆ ಎದ್ದು ಕೂರುವ ಕೂಸಿಗೆ ಹೆಸರಿಡುವುದನ್ನು ನೀವು ನೋಡಿಲ್ಲ. ಕಿವಿಗೆ ಬಗ್ಗಿದರೆ ನನ್ನ ಮೂಗುತಿ ಹಿಡಿದು ಎಳೆಯುತ್ತದೆ. ಅಂತೂ ಅವ್ವನ ಹೆಸರನ್ನು, ಕೆಂಪಮ್ಮ ಎಂದು, ಮೂರು ಸಲ ಉಸುರಿದೆ. ಬೆನ್ನಿಗೆ ಗುದ್ದು ಬಿದ್ದವು. ಒಂದು ಮಾತ್ರ ತಮಾಷೆಗಿಂತ ಜೋರಾಗಿತ್ತು. ತಿರುಗಿ ನೋಡಿದರೆ ಸಿದ್ದಮ್ಮ. ಅವಳು ನಗುತ್ತಿರಲಿಲ್ಲ.

ಬಜೆಬಳೆ ಹಿಡಿಸಲಿಲ್ಲ. ಎರಡು ತುಂಡು ಸೇರಿಸಿ ಕಟ್ಟಿದೆ. ಅಷ್ಟೆಲ್ಲ ಆದಮೇಲೆ ತಿಳಿಯಿತು, ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ! ಸಿದ್ದಮ್ಮ ಮಗಳನ್ನು ಪಾಪ ಎಂದೇ ಕರೆದಳು, ಊರೂ ಹಾಗೇ ಕರೆಯಿತು. ಅವಳು ಇವತ್ತಿಗೂ ಪಾಪನೇ.

ಆ ಕತೆ ಮಾತ್ರ ನಮ್ಮ ಮನೆತನದ ಆಸ್ತಿಯಾಯಿತು. ಮದುವೆಗೆ, ಹಬ್ಬಕ್ಕೆ ಯಾರಾದರೂ ಅದನ್ನು ಎತ್ತುತ್ತಿದ್ದರು, ಕೊನೆಗೆ ಎಲ್ಲರೂ ನಾರಪ್ಪನ ಬಾಯಿಗೆ ಬೈಯುತ್ತಿದ್ದರು. ಅವನ ಹೆಸರೇ ‘ಆಡಬಿಡ್ಡ ನಾರಪ್ಪ’ ಆಯಿತು. ನಾನೂ ನಗುತ್ತಿದ್ದೆ. ನಕ್ಕ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈಗ ಯುದ್ಧ ಮುಗಿದಿದೆ, ಬಸ್ಸಿಗೆ ಪೆಟ್ರೋಲು ಬಂದಿದೆ, ಮಾದೇಶನಿಗೆ ಎರಡನೆಯ ಮಗಳು ಹುಟ್ಟಿದ್ದಾಳೆ. ಸುದ್ದಿ ಬಂದ ದಿನವೇ ಹೊರಟೆ. ಒಲೆಯ ಮೇಲಿನ ಸಾರನ್ನು ನಮ್ಮನೆಯವರೇ ಇಳಿಸಿಕೊಂಡರಂತೆ. ಪಾಪ ಈಗ ಶಾಲೆಗೆ ಹೋಗುತ್ತಾಳೆ, ಮುಂದಿನ ಹಲ್ಲು ಬಿದ್ದಿವೆ. ತನ್ನ ಹಳೆಯ ಬಜೆಬಳೆ ತಂದು, ನಾನು ಸೇರಿಸಿದ್ದ ಎರಡು ತುಂಡನ್ನು ಬಿಚ್ಚಿಸಿ, ತಂಗಿಯ ಕೈಗೆ ತಾನೇ ತೊಡಿಸಿದಳು. “ಅತ್ತಿಗೆ, ಈ ಸಲ ನಾನು ಕೂಗೋವಂಥ ಹೆಸ್ರಿಡಿ” ಎಂದಳು ಸಿದ್ದಮ್ಮ. ರತ್ನ ಎಂದು ಮಾತಾಯಿತು.

ಹೆಸರಿಡುವ ದಿನ ನಾರಪ್ಪನೂ ಬಂದಿದ್ದ. ತಲೆ ಪೂರ್ತಿ ನರೆತಿದೆ. ಮಾದೇಶ ಶುರುಮಾಡಿದ: “ಬಾರಪ್ಪ ಆಡಬಿಡ್ಡ ನಾರಪ್ಪ, ಈ ಸಲ ಬಾಯಿ ಬಿಡ್ಬ್ಯಾಡ!” ಎಲ್ಲರೂ ನಕ್ಕರು. ಪಾಪ ಅವನ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. “ತಾತ, ನಿನ್ನಿಂದ್ಲೇ ಅಂತೆ ನಂಗೆ ಹೆಸ್ರಿಲ್ದೆ ಹೋಗಿದ್ದು!” ನಾರಪ್ಪ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಹೌದು ತಾಯಿ, ನನ್ನ ಬಾಯೇ ಸರಿಯಿಲ್ಲ ಎಂದು ತೆಲುಗಿನಲ್ಲಿ ಹೇಳಿ, ತಂಬಿಟ್ಟು ಮುರಿದು ಅವಳಿಗರ್ಧ ಕೊಟ್ಟ.

ನಾನು ತೊಟ್ಟಿಲಿಗೆ ಬಗ್ಗಿದೆ. ಎಳೆಯ ಕಿವಿ, ಅದರ ಪಕ್ಕ ಮುಷ್ಟಿ, ಮುಷ್ಟಿಯಿಂದ ಬಜೆಯ ಘಾಟು. ರತ್ನ ಎಂಬುದು ನಾಲಿಗೆಗೆ ಬರಲಿಲ್ಲ. ನೆಟ್ಟಗೆ ನಿಂತೆ. “ಯಾಕಕ್ಕ?” ಎಂದ ಮಾದೇಶ. ನಾನು ಒಂದು ಮಾತು ಹೇಳಬೇಕು ಎಂದೆ. “ಈಗ್ಯಾಕೆ ಬಿಡಕ್ಕ, ಹೊತ್ತಾಯ್ತದೆ” ಎಂದ. “ಇರ್ಲಿ, ಹೇಳ್ಲಿ” ಎಂದಳು ಸಿದ್ದಮ್ಮ.

ಹೇಳಿದೆ. ಹೇಳಿದ ಮೇಲೆ ಹೆಸರು ಸಲೀಸಾಗಿ ಬಂತು. ಬೆನ್ನಿನ ಮೇಲೆ ಗುದ್ದು ಬಿದ್ದವು. ಸಿದ್ದಮ್ಮನದು ಯಾವುದೆಂದು ನನಗೆ ತಿಳಿಯಿತು. ಕೂಸನ್ನು ಮಲಗಿಸಲು ತಟ್ಟುವ ಹಾಗಿತ್ತು. ಪಾಪ ಮಾತ್ರ ಯೋಚಿಸಿ, “ಅಂಗಾರೆ ನಾರಪ್ಪ ತಾತಂಗೆ ಇನ್ನೊಂದು ತಂಬಿಟ್ಟು ಕೊಡ್ಬೇಕು” ಎಂದು ತೀರ್ಪು ಹೇಳಿ ಒಳಗೆ ಓಡಿದಳು.

ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಬಂದೆ ಎಂದಷ್ಟೇ ನಿನ್ನೆ ನಮ್ಮನೆಯವರಿಗೆ ಹೇಳಿದ್ದೆ. ಇವತ್ತು ಬೆಳಿಗ್ಗೆ ಬೆರಳು ಮೂಸುತ್ತ ಕೂತಿದ್ದವಳನ್ನು ನೋಡಿ ಅವರು, “ಅಷ್ಟು ಜನದ ಮುಂದೆ ಏನಂದೆ?” ಎಂದು ಕೇಳಿದರು. ತೊಟ್ಟಿಲ ಮುಂದೆ ನಿಂತು ಹೇಳಿದ್ದನ್ನು ರೊಟ್ಟಿ ತಿರುವಿಹಾಕುತ್ತ ಅವರಿಗೂ ಹೇಳಿದೆ, ಗೋಡೆಯಾಚೆ ನಾಗಮ್ಮನಿಗೂ ಕೇಳುವ ಹಾಗೆ:

“ಪಾಪ, ಬಾ ಇಲ್ಲಿ. ತಾತನ ಬಾಯಿ ಸರಿಯಾಗೇ ಐತೆ ಕಣವ್ವ. ಎರಡನೇ ಸಲ ಬಂದಾಗ್ಲೇ ನಂಗೆ ಎಲ್ಲಾ ತಿಳೀತು. ತಿಳಿದೂ ಬರ್ಲಿಲ್ಲ, ಮನೇಲಿರ್ಲಿಲ್ಲ ಅಂತ ಸುಳ್ಳು ಹೇಳಿಸ್ದೆ. ಬಿಂಕ ಮಾಡ್ಕಂಡು ಕೂತೆ. ನೀನು ಹೆಸ್ರಿಲ್ದೆ ಕಾದೆ, ನಿಮ್ಮಪ್ಪ ಅವ್ವ ಊರೋರ ಬಾಯಿಗೆ ಬಿದ್ರು. ನಾರಪ್ಪಣ್ಣ, ಸಿದ್ದಿ, ಮಾದ, ನೀವೂ ಕೇಳಿ. ತಪ್ಪು ನಂದು. ತಪ್ಪಾಯ್ತು ಕಣವ್ವ ಕೆಂಪಮ್ಮ.”