ಕೆಂಪು ವೈನಿಗೆ ಕಾಂತಿ ಕೂಡಿಸಿದ ಊಟ

ಮೂಡುಬಿದಿರೆಯ ಹೊರವಲಯದ ಹೋಟೆಲೊಂದರಲ್ಲಿ ಅಡುಗೆ ಮಾಡುವ ಕಾಂತಿ, ಕಡು ಕೆಂಪು ವೈನಿಗೆ ನಮ್ಮೂರಿನ ಯಾವ ಊಟ ಹೊಂದುತ್ತದೆಂದು ಎರಡು ವರ್ಷ ರುಚಿ ನೋಡಿ ಎಂಟು ಜೋಡಿಗಳನ್ನು ಗೊತ್ತುಮಾಡಿದರು. ಕಳೆದ ವಾರ ಅಚ್ಚಾಗಿ ಬಂದ ಮೆನು ಕಾರ್ಡಿನಲ್ಲಿ ಆ ಎಂಟೂ ಹೋಟೆಲು ಬೆಂಗಳೂರಿನಿಂದ ಕರೆಸಿದ ಸಲಹೆಗಾರರೊಬ್ಬರ ಹೆಸರಿನಲ್ಲಿವೆ.

ಬೆಳಿಗ್ಗೆ ಆರೂವರೆ. ವಾಮದಪದವಿನಿಂದ ಮೊದಲ ಬಸ್ಸಿಗೆ ಬಂದಿರುವ ಕಾಂತಿ ಇನ್ನೂ ಚಹಾ ಕುಡಿದಿಲ್ಲ. ಚಹಾ ತಾಗಿದ ನಾಲಿಗೆ ಈ ಕೆಲಸಕ್ಕೆ ಆಗುವುದಿಲ್ಲವಂತೆ. ಬೆಚ್ಚಗಿನ ಗಂಜಿತಿಳಿಯಲ್ಲಿ ಬಾಯಿ ಮುಕ್ಕಳಿಸಿ, ಒಂದು ಚಮಚ ವೈನನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಸಿಂಕಿಗೆ ಉಗುಳುತ್ತಾರೆ. ಗಂಟಲಿಗೆ ಹನಿಯೂ ಇಳಿಯುವುದಿಲ್ಲ.

ಆಡಿನ ಮಾಂಸ ತಂದ ಉಮ್ಮರ್ ಹಿಂಬಾಗಿಲಲ್ಲೇ ನಿಂತು ನಗುತ್ತಾರೆ. "ಕುಡಿಯುದೂ ಇಲ್ಲ, ಬಿಡುದೂ ಇಲ್ಲ. ಇದೆಂಥ ಕೆಲಸ ಕಾಂತಿಯಕ್ಕ?"

"ಕೊಬ್ಬು ತೆಗೀದೆ ತಂದಿದ್ದೀಯಾ? ಅದನ್ನು ಹೇಳು."

"ತಂದಿದ್ದೇನೆ ಮಾರಾಯ್ರೆ. ಯಾವುದರ ಒಟ್ಟಿಗೆ ಬಡಿಸ್ತೀರಿ ಅಂತ ಮಾತ್ರ ನನ್ನತ್ರ ಹೇಳ್ಬೇಡಿ!"

ಕೊಬ್ಬಿನ ಮರ್ಮ ಕಾಂತಿಗೆ ಹೊಳೆದದ್ದು ಗೇರುಹಣ್ಣಿನಿಂದ. "ಹಣ್ಣು ಗಂಟಲು ಹಿಡೀತದೆ ಅಂತ ಉಪ್ಪು ಹಚ್ಚಿ ತಿಂತೇವಲ್ಲ? ಈ ವೈನಿನದ್ದೂ ಅದೇ ಒಗರು. ಉಪ್ಪು ಬೇಕು, ಕೊಬ್ಬು ಬೇಕು. ಮೆಣಸು ಜಾಸ್ತಿಯಾದ್ರೆ ಬಾಯಿ ಉರಿದು ಹೋಗ್ತದೆ." ಹಾಗಾಗಿ ಅವರು ಕಾಯಿತುರಿ ಹಾಕಿ ಒಣಗೆ ಹುರಿಯುವ ಆಡಿನ ಸುಕ್ಕದಲ್ಲಿ ಕೆಂಪು ಮೆಣಸು ಅರ್ಧಕ್ಕರ್ಧ ಇಳಿದು, ಕಾಳುಮೆಣಸು ಏರಿದೆ.

ಬೀಡಿ ಕಟ್ಟುತ್ತಿದ್ದ ಕಾಂತಿ, ಗಂಡ ತೀರಿಕೊಂಡ ಮೇಲೆ ಇಲ್ಲಿ ಪಾತ್ರೆ ತೊಳೆಯಲು ಸೇರಿದರು. ಹತ್ತೊಂಬತ್ತು ವರ್ಷವಾಯಿತು. ಈಗ ದಿನಕ್ಕೆ ಮೂವತ್ತೈದು ತೆಂಗಿನಕಾಯಿ, ಹದಿನೆಂಟು ಕಿಲೋ ಮಾಂಸ, ಇನ್ನೂರು ಊಟ ಅವರ ಕೈ ದಾಟಿ ಹೋಗುತ್ತವೆ. ಊರಲ್ಲಿ 'ಬೆಳಿಗ್ಗೆಯೇ ಬಾಟ್ಲಿ ಹಿಡಿಯುವವಳು' ಎಂದು ಆಡಿಕೊಳ್ಳುವವರೂ ಇದ್ದಾರೆ.

ತಪ್ಪೂ ಆಗಿದೆ. ಮೊದಮೊದಲು ಇದೇ ವೈನಿಗೆ ಬಂಗುಡೆ ಫ್ರೈ ಕೊಟ್ಟಾಗ ತಿಂದವರೆಲ್ಲ ಕಬ್ಬಿಣದ ರುಚಿ ಎಂದರು. "ಕಾವಲಿಯದ್ದೇ ದೋಷ ಅಂತ ಹುಣಸೆ ಹಾಕಿ ಮೂರು ದಿನ ಉಜ್ಜಿದೆ. ಪಾಪ, ಅದು ಎಂಥ ಮಾಡಿತ್ತು? ಮೀನು ಬೇರೆ, ವೈನು ಬೇರೆ ರುಚಿ ನೋಡಿದ್ರೆ ಎರಡೂ ಚಂದ. ಒಟ್ಟಿಗೆ ಬಾಯಿಗೆ ಹೋದ್ರೆ ಮೊಳೆ ಚೀಪಿದ ಹಾಗೆ!"

ಕಾರ್ಡಿನಲ್ಲಿ ತಮ್ಮ ಹೆಸರು ಬೇಕಿತ್ತೇ ಎಂದರೆ ಮುಚ್ಚಿಡುವುದಿಲ್ಲ. "ಯಾರಿಗೆ ಬೇಡ? ಮಗಳು ಸಾತ್ವಿಕಾ ಕಾರ್ಡನ್ನು ತಿರುಗಿಸಿ ತಿರುಗಿಸಿ ಹುಡುಕಿದ್ಳು. ಸಿಗ್ಲಿಲ್ಲ."

ಎಂಟರ ಕೆಳಗೆ ಸಲಹೆಗಾರರು ತಮ್ಮದೇ ಒಂಬತ್ತನೆಯದನ್ನು ಸೇರಿಸಿದ್ದಾರೆ: ಬಂಗುಡೆ ಫ್ರೈ. ಕರಾವಳಿಗೆ ಬಂದವರು ಮೀನು ಕೇಳದೆ ಇರುತ್ತಾರೆಯೇ ಎಂಬುದು ಅವರ ವಾದ. ಇಂದು ಮಧ್ಯಾಹ್ನ ಹೊರಗಿನಿಂದ ಬರುವ ಅತಿಥಿಗಳಿಗೆ ಒಂಬತ್ತನ್ನೂ ಬಡಿಸಬೇಕು. ಅದನ್ನೇ ಹೇಳಲು ಮಾಲೀಕ ಲೋಕನಾಥ ಅಡುಗೆಮನೆಗೆ ಬಂದಿದ್ದಾರೆ.

"ಇವತ್ತೊಂದು ದಿನ ಕಳಿಸು ಕಾಂತಿ. ಮುಂದಿನ ಸಲ ಕಾರ್ಡಲ್ಲಿ ನಿನ್ನ ಹೆಸರೂ ಹಾಕಿಸ್ತೇನೆ. ದೇವರಾಣೆ."

ಮಸಾಲೆ ಅರೆಯುತ್ತಿದ್ದ ಗ್ರೈಂಡರನ್ನು ಕಾಂತಿ ನಿಲ್ಲಿಸುತ್ತಾರೆ.

"ಬಂಗುಡೆ ಇರುವ ಆ ಕಾರ್ಡಿಗೆ ನನ್ನ ಹೆಸರು ಬೇಡ ಧಣಿ."

"ಹಟ ಮಾಡ್ಬೇಡ. ಪ್ಲೇಟ್ ಕಳಿಸು ಅಂದ್ರೆ ಕಳಿಸು."

"ಮೀನು ಬೇಕಾದವರಿಗೆ ನೀರುದೋಸೆ ಒಟ್ಟಿಗೆ ಬಿಸಿಬಿಸಿ ಕಳಿಸ್ತೇನೆ. ಆ ಗ್ಲಾಸಿನ ಒಟ್ಟಿಗೆ ಕಳಿಸುದಿಲ್ಲ."