ಸದ್ದು ಮಾಡಬೇಕಾದ ಎಂಜಿನ್

ಇವತ್ತು ಬೆಳಗ್ಗೆ ಅಕ್ಕನ ಮನೆಯ ಕಣದಲ್ಲಿ ಹಳೇ ವ್ಯಾನು ಸ್ಟಾರ್ಟ್ ಆಯಿತು. ಮುಂದಿನ ಸೀಟಿನ ಕೆಳಗಿಂದ ಟಿಕ್ ಟಿಕ್ ಟಿಕ್, ಯಾರೋ ಒಳಗೆ ಕೂತು ಅಡಿಕೆ ಕತ್ತರಿಸುತ್ತಿರುವ ಹಾಗೆ. ನಿಮಗಾದರೆ ಕಿರಿಕಿರಿಯಾದೀತು. ನಮಗೆ ಆ ಸದ್ದು ಕೇಳಿಸದಿದ್ದರೆ ಹೊರಡಲು ಧೈರ್ಯವಿಲ್ಲ.

ವ್ಯಾನು ಭಾವನದು. ಅಕ್ಕನ ಗಂಡ, ಬೆಳಗೋಡಿನ ಹತ್ತಿರ ಕಾಫಿ ಬೆಳೆಯುವವರು. ಊರೂರು ಸುತ್ತುವ ಆಸೆಯಿಂದ ವ್ಯಾನಿನ ಹಿಂದಿನ ಸೀಟು ಕಿತ್ತು ಒಂದು ಮಂಚ, ಒಂದು ಒಲೆ ಕೂರಿಸಿದ್ದರು. ಕಾಫಿ ಹೂವಿಗೆ ನೀರು ಹಾರಿಸುವ ಪಂಪನ್ನು ಅವರೇ ರಿಪೇರಿ ಮಾಡಿಕೊಳ್ಳುವುದು. ತೋಟದ ಈ ತುದಿಯಲ್ಲಿ ನಿಂತು ಆ ತುದಿಯ ಪಂಪು ಸ್ವಲ್ಪ ತಡವರಿಸಿದರೂ ಹೇಳಬಲ್ಲ ಕಿವಿ ಅವರದು. ಆ ಕಿವಿಗೆ ವ್ಯಾನಿನ ಟಿಕ್ ಟಿಕ್ ಸಹಿಸಲಾಗಲಿಲ್ಲ. ಪಂಪಿಗೆ ಮಾಡುವ ಹಾಗೆಯೇ, ಗೊಬ್ಬರದ ಚೀಲದ ಒಳಪದರದಿಂದ ಪಟ್ಟಿ ಕತ್ತರಿಸಿ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನಂಥ ವಾಲ್ವಿನ ತಲೆಯ ಮೇಲೆ ಆ ತೆಳು ಪಟ್ಟಿ ತೂರುವಷ್ಟೇ ಸಂದು ಉಳಿಸಿ ಬಿಗಿ ಮಾಡಿದರು. ವ್ಯಾನು ತೆಪ್ಪಗಾಯಿತು. ಭಾವ ಬಂದವರಿಗೆಲ್ಲ ಆ ಮೌನವನ್ನು ಕೇಳಿಸಿ ಕಾಫಿ ಕೊಡುತ್ತಿದ್ದರು.

ಅಕ್ಕನ ಮಂಡಿಗೆ ಹಾಸನದಲ್ಲಿ ಆಪರೇಷನ್ ಆದಾಗ ಕರೆತರಲು ಅದೇ ವ್ಯಾನು ಹೋಯಿತು, ಮಲಗಿಕೊಂಡು ಬರಬಹುದಲ್ಲ ಎಂದು. ನನ್ನ ಪಾಲಿನ ಕೆಲಸ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಳ್ಳುವುದು. ಮಗ್ಗೆ ದಾಟಿ ಒಳರಸ್ತೆಯ ಏರು ಹತ್ತುವಾಗ ವ್ಯಾನು ಉಸಿರುಗಟ್ಟಿದಂತೆ ಎಳೆಯಿತು. ಏರು ಮುಗಿದು ಮಟ್ಟದ ರಸ್ತೆಗೆ ಬಂದೆವು. ಸಂಜೆ ಬಿಸಿಲು ಇನ್ನೂ ಇತ್ತು. ತಿರುವಿನಲ್ಲಿ ಬೇಲಿ ಮುರಿದುಕೊಂಡು ಒಂಟಿ ಸಲಗ ರಸ್ತೆಗೆ ಇಳಿಯಿತು.

ನಮ್ಮ ಕಡೆ ಆನೆ ಕಂಡರೆ ಕೈ ತಾನಾಗಿ ಕೀಲಿಗೆ ಹೋಗುತ್ತದೆ. ಭಾವ ಎಂಜಿನ್ ಆಫ್ ಮಾಡಿದರು. ಆನೆ ದಾಟಿ ಹೋಗಲಿಲ್ಲ. ನಮ್ಮತ್ತ ತಿರುಗಿ ನಿಂತಿತು. ಹಿಂದಕ್ಕೆ ಹೋಗೋಣವೆಂದು ಭಾವ ಕೀಲಿ ತಿರುಗಿಸಿದರೆ ಎಂಜಿನ್ ಕರ್‌ಕರ್ ಎಂದು ಸುತ್ತಿತೇ ಹೊರತು ಹತ್ತಲಿಲ್ಲ. ಆ ಸದ್ದಿಗೆ ಆನೆ ಕಿವಿ ಅಗಲಿಸಿತು.

"ಬ್ಯಾಡ ಕಣ್ರೀ, ಬ್ಯಾಡ," ಎಂದಳು ಅಕ್ಕ ಪಿಸುದನಿಯಲ್ಲಿ. ನಾನು, ಭಾವ ಇಳಿದು ಓಡಬಹುದಿತ್ತು. ಅವಳ ಕಾಲು ಬ್ಯಾಂಡೇಜಿನಲ್ಲಿ ಮರದ ಕೊರಡಾಗಿತ್ತು. ಅವಳಿಗೂ ಅದು ಗೊತ್ತಿತ್ತು. "ನೀವಿಬ್ರೂ ಹಿಂದಿನ ಬಾಗ್ಲಲ್ಲಿ ಇಳ್ಕೊಂಡ್ ಹೋಗಿ."

"ಸುಮ್ಕಿರು ಮಾರಾಯ್ತಿ," ಎಂದು ಭಾವ ನನ್ನನ್ನು ಅಕ್ಕ ಮಲಗಿದ್ದ ಮಂಚದ ಕಡೆಗೆ ದಾಟಿಸಿ, ನನ್ನ ಸೀಟನ್ನು ಮೇಲೆತ್ತಿದರು. ಎಂಜಿನ್ ಇರುವುದು ಅದರ ಕೆಳಗೇ. ಕಾದ ಕಬ್ಬಿಣದ ವಾಸನೆ ಮುಖಕ್ಕೆ ರಾಚಿತು.

"ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತದೆ. ಬಿಸಿಯಾದ್ರೆ ಮಾತ್ರ ಹಠ. ಯಾಕ್ರೀ?" ಎಂದಳು ಅಕ್ಕ.

ಭಾವ ಎಂಜಿನ್ನಿನತ್ತ ಬಗ್ಗಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಪಂಪು ಹಳ್ಳದ ನೀರು ಕುಡ್ಕೊಂಡು ತಣ್ಣಗಿರ್ತದೆ. ಇದು ಘಾಟಿ ಹತ್ತಿ ಕಾಯ್ತದೆ. ಕಾದ್ರೆ ವಾಲ್ವ್ ಉದ್ದ ಆಯ್ತದೆ, ನಾನು ಅದ್ಕೆ ಜಾಗನೇ ಇಟ್ಟಿಲ್ಲ. ಬಾಗ್ಲು ಪೂರ್ತಿ ಮುಚ್ಕತಾ ಇಲ್ಲ ಕಣೇ, ದಮ್ಮೆಲ್ಲ ಸೋರಿ ಹೋಯ್ತಾ ಐತೆ. ಆ ಟಿಕ್ ಟಿಕ್ ಇರ್ಬೇಕಿತ್ತು."

ಅಕ್ಕ ನೀರಿನ ಬಾಟಲಿ ಚಾಚಿದಳು. "ಸುರೀಬ್ಯಾಡ, ಕಾದ ಎಂಜಿನ್ ತಲೆ ಸೀಳ್ಬುಡ್ತದೆ," ಎಂದರು ಭಾವ. " ತಾನಾಗೇ ಆರ್ಬೇಕು." ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರು, ಸುಟ್ಟುಕೊಂಡು ತೆಗೆದರು. "ಕೈ ಇಡೋ ಹಂಗಾದ್ರೆ ಹತ್ತುತ್ತೆ."

ಆನೆ ನಾಲ್ಕು ಹೆಜ್ಜೆ ಮುಂದೆ ಬಂತು, ಸೊಂಡಿಲೆತ್ತಿ ಗಾಳಿ ಮೂಸಿತು. ನನಗೆ ಮಡಿಲಿನ ಬಾಳೆಹಣ್ಣು ನೆನಪಾಯಿತು. ಹೊರಗೆ ಎಸೆಯಲು ಧೈರ್ಯವಿಲ್ಲ. ವಾಸನೆ ಹೋಗಲೆಂದು ಒಂದೊಂದಾಗಿ ತಿನ್ನತೊಡಗಿದೆ. ಸಿಪ್ಪೆಗೂ ವಾಸನೆ ಇರುತ್ತದೆಂದು ಹೊಳೆದಾಗ ಅರ್ಧ ಚಿಪ್ಪು ಹೊಟ್ಟೆಯಲ್ಲಿತ್ತು. ಈಗ ನಗು ಬರುತ್ತದೆ. ಆಗ ಅಕ್ಕನ ಉಗುರು ನನ್ನ ಮುಂಗೈಯಲ್ಲಿ ನೆಟ್ಟಿತ್ತು. ಭಾವ ಅಂಗೈ ಇಡುವುದು, ತೆಗೆಯುವುದು. ಇಡುವುದು, ತೆಗೆಯುವುದು. ಆನೆ ಇನ್ನಷ್ಟು ಹತ್ತಿರ ಬಂತು. ಅದರ ಕಣ್ಣಂಚಿನ ನೀರು ಕಾಣುವಷ್ಟು.

ಕೊನೆಗೊಮ್ಮೆ ಭಾವನ ಕೈ ಅಲ್ಲೇ ನಿಂತಿತು. ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ನಡುಗಿತು, ಹತ್ತಿಕೊಂಡಿತು. ಸೀಟು ಎತ್ತಿದ್ದು ಎತ್ತಿದ ಹಾಗೇ ಹಿಂದಕ್ಕೆ ಹಿಂದಕ್ಕೆ ಮಗ್ಗೆಯ ಕಡೆಗೆ ಬಂದೆವು. ಅಕ್ಕ ಆಗ ಅತ್ತಳು. ನಾನೂ ಅತ್ತೆ.

ಆಮೇಲೆ ಎಂಜಿನ್ ಬಿಚ್ಚಿಸಿದಾಗ ಒಂದು ವಾಲ್ವಿನ ಅಂಚು ಸುಟ್ಟು, ಇಲಿ ಕಚ್ಚಿದ ರೊಟ್ಟಿಯಂತಿತ್ತು. ಹೊಸದು ಹಾಕಿಸಿ, ಸರಿಯಾದ ಸಂದು ಇಡಿಸಿದರು. ಅಂದಿನಿಂದ ಭಾವ ಹೊರಡುವ ಮುಂಚೆ ತಲೆ ಬಗ್ಗಿಸಿ ಟಿಕ್ ಟಿಕ್ ಕೇಳಿಸಿಕೊಳ್ಳದೆ ವ್ಯಾನು ಕದಲಿಸುವುದಿಲ್ಲ.

ಇವತ್ತೂ ಬಗ್ಗಿ ಕೇಳಿದರು. ನಾವು ಬಿಸಿಲೆಗೆ ಹೊರಟಿದ್ದೆವು, ಅಕ್ಕ ತನ್ನ ಕಾಲ ಮೇಲೆ ತಾನೇ ನಡೆದು ಬಂದು ಹತ್ತಿ ಕೂತಿದ್ದಳು. ಭಾವ ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎತ್ತಿದಾಗ ಮುಖ ಬಿಳಿಚಿತ್ತು.

"ಸದ್ದೇ ಇಲ್ವಲ್ಲ ಕಣಮ್ಮ. ಮತ್ತೆ ಬಿಗಿಯಾಗ್ಬುಡ್ತಾ?"

ಟಿಕ್ ಟಿಕ್ ಟಿಕ್ ಎಂದು ಕಣವೆಲ್ಲ ತುಂಬಿತ್ತು. ಅಕ್ಕ ನನ್ನ ಮುಖ ನೋಡಿದಳು. ತಿಂಗಳುಗಳಿಂದ ಭಾವ ಮನೆಯ ಟಿವಿಯ ಸದ್ದು ಏಕೆ ಏರಿಸುತ್ತಿದ್ದಾರೆ ಎಂದು ನಮಗಿಬ್ಬರಿಗೂ ಒಟ್ಟಿಗೇ ತಿಳಿಯಿತು. ನನಗೆ ಅಂದಿನ ಆನೆಗಿಂತ ಹೆಚ್ಚು ಭಯವಾಯಿತು.

ಸೀಟು ಎತ್ತಿ, ಅವರ ಅಂಗೈ ಹಿಡಿದು ಎಂಜಿನ್ನಿನ ಮುಚ್ಚಳದ ಮೇಲಿಟ್ಟೆ. ಅದಿನ್ನೂ ಕಾದಿರಲಿಲ್ಲ, ಟಿಕ್ ಟಿಕ್ ಬಡಿತ ಬೆರಳಿಗೆ ತಾಗುತ್ತಿತ್ತು.

"ಐತೆ ಭಾವ," ಎಂದೆ, ಅವರ ಕಿವಿಯ ಹತ್ತಿರ ಜೋರಾಗಿ. "ಹೊರಡಾನ."